ನಿಂತ ಗಾಡಿ ನಿದ್ದೆ ಮಾಡಿದೆಯೇ?

(ವಿಜಯಪುರದಲ್ಲಿ ಐಟಿಐ ವಿದ್ಯಾರ್ಥಿಗಳು ಮತ್ತು ಕಾರು ಮಾಲೀಕರ ಮುಂದೆ ನೀಡಿದ ಉಪನ್ಯಾಸ)

ಎಲ್ಲರಿಗೂ ಶರಣು.

ಹೊರಗೆ ಬೇವಿನ ಮರದ ಕೆಳಗೆ ನಿಂತಿರುವ ಎಲೆಕ್ಟ್ರಿಕ್ ಕಾರನ್ನು ಬರುವಾಗ ನೋಡಿರುತ್ತೀರಿ. ಹತ್ತು ಗಂಟೆಗೆ ಅದರ ಬಾನೆಟ್ ತೆರೆದು, ಸಣ್ಣ ಬ್ಯಾಟರಿಯ ಮೈನಸ್ ವೈರಿಗೆ, ವೈರು ಬಿಚ್ಚದೆ ಅದರ ಸುತ್ತ ಹಿಡಿದು ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿದೆ. ಬಾನೆಟ್ಟಿನ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ತಿರುವಿ, ಮುಚ್ಚಿದೆ ಎಂದು ಗಾಡಿ ತಿಳಿಯುವಂತೆ ಮಾಡಿ, ಲಾಕ್ ಹಾಕಿ ಬಂದಿದ್ದೇನೆ. ಕೀಲಿ ಆಫೀಸಿನ ಡ್ರಾದಲ್ಲಿದೆ. ಸ್ವಾಗತ, ಚಹಾ ಮುಗಿದು ಈಗ ಹತ್ತೂವರೆ. ದಯವಿಟ್ಟು ಯಾರೂ ಅದರ ಬಾಗಿಲು ಮುಟ್ಟಬೇಡಿ. ಯಾಕೆ ಎಂಬುದೇ ಇವತ್ತಿನ ಮಾತು.

ಇಂಡಿ ರಸ್ತೆ ಕಡೆಯ ಒಬ್ಬ ಮಾಸ್ತರು ಒಮ್ಮೆ ಫೋನ್ ಮಾಡಿದರು. "ಹನ್ನೆರಡು ದಿನ ಊರಾಗ ಇರ್ಲಿಲ್ರಿ. ಬಂದು ನೋಡಿದ್ರ ಬಾಗಲಾ ಸುದ್ದಾ ತೆರೀವಲ್ದು. ಬ್ಯಾಟ್ರಿ ಹೋತಂದ್ರ ಲಕ್ಷಗಟ್ಟಲೆ ಆಗ್ತೈತಂತಲ್ರಿ?" ಅವರ ದನಿಯಲ್ಲಿದ್ದ ಹೆದರಿಕೆ ನನಗೆ ಇನ್ನೂ ನೆನಪಿದೆ. ಹೋಗಿ ಸಣ್ಣ ಬ್ಯಾಟರಿಗೆ ಹೊರಗಿನಿಂದ ಕರೆಂಟು ಕೊಟ್ಟೆ. ಡ್ಯಾಶ್‌ಬೋರ್ಡ್ ಹೊತ್ತಿಕೊಂಡಿತು. ದೊಡ್ಡ ಬ್ಯಾಟರಿ 71 ಪರ್ಸೆಂಟ್! ಅವರು ಬಿಟ್ಟು ಹೋದಾಗ 72 ಇತ್ತಂತೆ.

ಎಲೆಕ್ಟ್ರಿಕ್ ಕಾರಿನಲ್ಲಿ ಬ್ಯಾಟರಿ ಎರಡು. ಚಕ್ರ ತಿರುಗಿಸುವ ದೊಡ್ಡದು ಹೆಚ್ಚಿನ ಕಾರುಗಳಲ್ಲಿ 300-400 ವೋಲ್ಟಿನದು. ಇನ್ನೊಂದು ಹಳೇ ಕಾರುಗಳಲ್ಲಿದ್ದಂಥದೇ 12 ವೋಲ್ಟಿನದು. ಬಾಗಿಲು, ಅಲಾರಂ, ಕಂಪ್ಯೂಟರುಗಳು ನಡೆಯುವುದು ಈ ಸಣ್ಣದರ ಮೇಲೆ. ದೊಡ್ಡ ಬ್ಯಾಟರಿಯನ್ನು ಗಾಡಿಗೆ ಜೋಡಿಸುವ ಕಾಂಟ್ಯಾಕ್ಟರುಗಳನ್ನು, ಅಂದರೆ ದೊಡ್ಡ ಸ್ವಿಚ್ಚುಗಳನ್ನು, ಎಳೆಯುವುದೂ ಅದೇ. ಅದು ಸತ್ತರೆ ಮನೆ ತುಂಬ ಜೋಳವಿದ್ದೂ ಬಾಗಿಲಿನ ಕೀಲಿ ಕಳೆದಂತೆ. ಆದ್ದರಿಂದ "ಚಾರ್ಜ್ ಇಳೀತು" ಎಂದು ಯಾರಾದರೂ ಬಂದರೆ ಮೊದಲು ಕೇಳಬೇಕಾದದ್ದು, ಯಾವುದರ ಚಾರ್ಜ್?

ದೊಡ್ಡದರ ಪರ್ಸೆಂಟ್ ಒಂದೆರಡು ಇಳಿದರೆ ಗಾಬರಿ ಬೇಡ. ಲಿಥಿಯಂ ಸೆಲ್ಲುಗಳು ತಾವಾಗಿ ಕಳೆದುಕೊಳ್ಳುವುದು ತಿಂಗಳಿಗೆ ಕೆಲವೇ ಪರ್ಸೆಂಟ್. ಎಲ್‌ಎಫ್‌ಪಿ ಎಂಬ ಬಗೆಯ ಲಿಥಿಯಂ ಸೆಲ್ಲಿನ ವೋಲ್ಟೇಜು ಬಹುಪಾಲು ದಾರಿ 3.2-3.3 ವೋಲ್ಟಿನ ಆಸುಪಾಸಿನಲ್ಲೇ ನಿಲ್ಲುತ್ತದೆ, ಅದನ್ನು ನೋಡಿ ಚಾರ್ಜ್ ಎಷ್ಟಿದೆ ಎಂದು ಹೇಳುವುದು ಕಷ್ಟ. ಅದಕ್ಕೇ ಗಾಡಿ ಲೆಕ್ಕ ಹಾಕಿ ಅಂದಾಜು ಹೇಳುತ್ತದೆ, ಆಗಾಗ ಆ ಅಂದಾಜನ್ನು ತಿದ್ದಿಕೊಳ್ಳುತ್ತದೆ. ಕರೆಂಟು ಹೋಗದೆಯೂ ಅಂಕಿ ಇಳಿಯಬಹುದು. ಕಂಪನಿ ಪುಸ್ತಕದಲ್ಲಿ ಹೇಳಿದಂತೆ ಆಗೀಗ 100ರವರೆಗೆ ತುಂಬಿಸಿದರೆ ಲೆಕ್ಕ ಸರಿಹೋಗುತ್ತದೆ. ಆದರೆ ದಿನಕ್ಕೆ ಹತ್ತು-ಹದಿನೈದು ಇಳಿದರೆ ಏನೋ ಎಚ್ಚರವಾಗಿದೆ ಎಂದೇ ಅರ್ಥ. ನಿಂತಾಗಲೂ ಸುತ್ತ ಕಾವಲು ಕಾಯುವ ಕ್ಯಾಮೆರಾ ವ್ಯವಸ್ಥೆ 250 ವ್ಯಾಟ್ ಎಳೆಯಿತು ಎನ್ನಿ, ದಿನಕ್ಕೆ 6 ಯೂನಿಟ್ ಆಯಿತು. 40 ಯೂನಿಟ್ಟಿನ ಬ್ಯಾಟರಿಯಲ್ಲಿ ಅದು 15 ಪರ್ಸೆಂಟ್.

ಮಾಸ್ತರ ಗಾಡಿಗೆ ಬರೋಣ. ನಾನು ಸಣ್ಣ ಬ್ಯಾಟರಿ ಬದಲಿಸಿ ಕಳಿಸಿದೆ, ತಪ್ಪು ಮಾಡಿದೆ. ನಾಲ್ಕು ದಿನ ನಿಲ್ಲಿಸಿದ್ದಕ್ಕೆ ಮತ್ತೆ ಅದೇ ಕಥೆ, ಅವರ ದುಡ್ಡು ಹೋಯಿತು. ಎರಡನೇ ಸಲ ಬಾಗಿಲು ತೆರೆದಿಟ್ಟುಕೊಂಡು ಮೀಟರ್ ಹಿಡಿದೆ. 4 ಆಂಪಿಯರ್! ಸಿಕ್ಕಿತು ದೋಷ ಎಂದುಕೊಂಡೆ. ಸಿಕ್ಕಿರಲಿಲ್ಲ. ಬಾಗಿಲು ತೆರೆದ ಕೂಡಲೇ ಗಾಡಿಯ ಕಂಪ್ಯೂಟರುಗಳೆಲ್ಲ ಎದ್ದು ಕೂರುತ್ತವೆ. ನಾನು ಅಳೆದದ್ದು ನಾನೇ ಎಬ್ಬಿಸಿದ ಗಾಡಿಯನ್ನು.

ಮಲಗಿದ ಕೂಸಿನ ಜ್ವರ ನೋಡುವ ತಾಯಿಯ ಹಾಗೆ ಅಳೆಯಬೇಕು. ವೈರು ಬಿಚ್ಚಿ ನಡುವೆ ಮೀಟರ್ ಸೇರಿಸಬೇಡಿ. ಕರೆಂಟು ಒಮ್ಮೆ ಕಡಿದರೆ ಎಲ್ಲ ರೀಸೆಟ್ ಆಗಿ, ಮಲಗದೆ ಕಾಡುತ್ತಿದ್ದ ಕಂಪ್ಯೂಟರೂ ಸುಮ್ಮನಾಗಿಬಿಡಬಹುದು. ಡಿಸಿ ಕ್ಲ್ಯಾಂಪ್ ಹಾಕಿ. ಅದಕ್ಕೂ ಮೊದಲು, ವೈರಿನ ಪಕ್ಕದಲ್ಲೇ, ಹಾಕುವ ದಿಕ್ಕಿನಲ್ಲೇ ಹಿಡಿದು ಸೊನ್ನೆ ಮಾಡಿಕೊಳ್ಳಿ. ಮಿಲಿಆಂಪಿಯರ್ ಲೆಕ್ಕದಲ್ಲಿ ಭೂಮಿಯ ಕಾಂತತ್ವವೂ ಅದನ್ನು ಅಲುಗಿಸುತ್ತದೆ. ಆಮೇಲೆ ಕಾಯಿರಿ.

ಮಾಸ್ತರ ಅಂಗಳದಲ್ಲಿ ಮೂರನೇ ಸಲ ಹಾಗೆ ಕಾದೆ. 4 ಇದ್ದದ್ದು ಕೆಲವು ನಿಮಿಷಕ್ಕೆ 1 ಆಯಿತು. ಇಪ್ಪತ್ತೈದು ನಿಮಿಷಕ್ಕೆ 0.33ಕ್ಕೆ ಬಂದು ನಿಂತುಬಿಟ್ಟಿತು, ಮುಂದೆ ಇಳಿಯಲೇ ಇಲ್ಲ. ಮಲಗಿದ ಗಾಡಿ ಸಾಮಾನ್ಯವಾಗಿ 0.02ರಿಂದ 0.05 ಆಂಪಿಯರ್ ಎಳೆಯುತ್ತದೆ. 45 ಆಂಪಿಯರ್-ಅವರ್ ಬ್ಯಾಟರಿ 0.03ರಲ್ಲಿ ಅರ್ಧ ಖಾಲಿಯಾಗಲು ತಿಂಗಳು ಬೇಕು. 0.33ಕ್ಕೆ ಮೂರು ದಿನ ಸಾಕು.

ಫ್ಯೂಸು ಕೀಳಬೇಡಿ, ಕಿತ್ತು ಹಾಕಿದರೆ ಮತ್ತೆ ಎಚ್ಚರ. ಫ್ಯೂಸಿನ ಬೆನ್ನ ಮೇಲೆ ಎರಡು ಚುಕ್ಕೆಯಷ್ಟು ಲೋಹ ಕಾಣುತ್ತದಲ್ಲ, ಅಲ್ಲಿ ಮೀಟರಿನ ಮೊನೆ ಇಟ್ಟು ಮಿಲಿವೋಲ್ಟ್ ನೋಡಿ. ಕರೆಂಟು ಹರಿಯದ ಫ್ಯೂಸು ಸೊನ್ನೆ ತೋರಿಸುತ್ತದೆ. ಒಂದಾದ ಮೇಲೊಂದು ಸೊನ್ನೆ, ಸೊನ್ನೆ... ಒಂದು 10 ಆಂಪಿಯರ್ ಫ್ಯೂಸಿನಲ್ಲಿ 2.4 ಮಿಲಿವೋಲ್ಟ್. ಅದರ ಜಾಡು ಹಿಡಿದರೆ ಕನ್ನಡಿಯ ಹಿಂದೆ ದಾರಿಯ ವಿಡಿಯೋ ತೆಗೆಯುವ ಡ್ಯಾಶ್‌ಕ್ಯಾಮ್! ಅಂಗಡಿಯವರು ಅದನ್ನು ಸದಾ ಕರೆಂಟಿರುವ ಫ್ಯೂಸಿಗೆ ಸಿಕ್ಕಿಸಿದ್ದರು. ಕೀಲಿ ಹಾಕಿದಾಗ ಮಾತ್ರ ಕರೆಂಟು ಬರುವ ಜಾಗಕ್ಕೆ ಬದಲಿಸಿದೆ, 0.03ಕ್ಕೆ ಇಳಿಯಿತು.

ಡ್ಯಾಶ್‌ಕ್ಯಾಮ್ ಇಲ್ಲದವರೂ ಗಮನಿಸಿ. ಗಂಟೆಗೊಮ್ಮೆ ಆ್ಯಪ್ ತೆರೆದು "ಚಾರ್ಜ್ ಎಷ್ಟೈತಿ" ಎಂದು ನೋಡುವ ಅಭ್ಯಾಸವಿದೆಯಲ್ಲ, ಹಲವು ಗಾಡಿಗಳು ಪ್ರತಿ ಸಲ ಅದಕ್ಕೂ ಏಳುತ್ತವೆ. ಸ್ಮಾರ್ಟ್ ಕೀಲಿಯನ್ನು ಗಾಡಿಗೆ ಹತ್ತಿಕೊಂಡ ಗೋಡೆಯ ಮೊಳೆಗೆ ತೂಗುಹಾಕಿದರೂ ಅದೇ ಪಾಡು. ನಮ್ಮೂರಿನ 40 ಡಿಗ್ರಿ ಬಿಸಿಲು ಸೀಸದ ಸಣ್ಣ ಬ್ಯಾಟರಿಯ ಆಯುಷ್ಯ ತಿನ್ನುತ್ತದೆ, ಆದ್ದರಿಂದ ಬೇಸಿಗೆ ಮುಗಿದ ಮೇಲೊಮ್ಮೆ ಲೋಡ್ ಟೆಸ್ಟ್, ಅಂದರೆ ಭಾರ ಹಾಕಿ ಬ್ಯಾಟರಿ ತಾಳುತ್ತದೆಯೇ ಎಂದು ನೋಡುವ ಪರೀಕ್ಷೆ, ಮಾಡಿಸಿ. ರಾತ್ರಿಯೆಲ್ಲ ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಎಂದರೆ ಅರ್ಧ.

ವಿದ್ಯಾರ್ಥಿಗಳಿಗೆ ಕೈಮುಗಿದು ಒಂದು ಮಾತು. ಇಷ್ಟೂ ಕೆಲಸ 12 ವೋಲ್ಟಿನ ಕಡೆಯದು. ಕಿತ್ತಳೆ ಬಣ್ಣದ ಕೇಬಲ್ಲಿಗೆ ತರಬೇತಿ, ಕೈಗವಸು ಇಲ್ಲದೆ ಕೈ ಹಚ್ಚಬೇಡಿ. ಆ ಡಿಸಿ ಕರೆಂಟು ಎರಡನೇ ಅವಕಾಶ ಕೊಡುವುದಿಲ್ಲ.

ಈಗ ಹತ್ತು ಐವತ್ತು. ಬನ್ನಿ, ಮರದ ಕೆಳಗೆ ಹೋಗೋಣ. ಬಾನೆಟ್ ಪಕ್ಕ ಇಬ್ಬಿಬ್ಬರೇ ನಿಂತು ಮೀಟರಿನ ಅಂಕಿ ಬರೆದುಕೊಳ್ಳಿ. ಎಲ್ಲರದೂ ಆದಮೇಲೆ ನಾನು ಡ್ರೈವರ್ ಬಾಗಿಲು ತೆರೆಯುತ್ತೇನೆ. ಆಗ ಅಂಕಿ ಎಲ್ಲಿಗೆ ಜಿಗಿಯುತ್ತದೆ ಎಂಬುದನ್ನೂ ಅದರ ಪಕ್ಕದಲ್ಲೇ ಬರೆಯಿರಿ.