ನಾಯಕಿಗೆ ಹಿಡಿದ ಅಳತೆಪಟ್ಟಿ

ಗೆಳೆಯರೇ,

ವಿಡಿಯೋ ಗೇಮ್ ಒಂದು ಸಿನಿಮಾ ಅಥವಾ ಸರಣಿಯಾಗುತ್ತಿದೆ ಎಂಬ ಸುದ್ದಿ ಬರುತ್ತದೆ. ನಾಯಕಿಯ ಹೆಸರು ಹೊರಬೀಳುತ್ತದೆ. ಅಷ್ಟರಲ್ಲೇ ಆಕೆಯ ದವಡೆ, ಎದೆ, ತೋಳು, ವಯಸ್ಸು ಎಲ್ಲದರ ಪಂಚನಾಮೆ ಶುರುವಾಗುತ್ತದೆ. ಹಾಗೆ ಬರೆಯುವವರು ಕೊಡುವ ಸಮಜಾಯಿಷಿ ಹೆಚ್ಚುಕಡಿಮೆ ಒಂದೇ: "ನಮಗೆ ಹೆಣ್ಣಿನ ಮೇಲೇನೂ ಸಿಟ್ಟಿಲ್ಲ, ಪಾತ್ರ ಗೇಮ್‌ನಲ್ಲಿ ಇದ್ದ ಹಾಗೇ ಇರಲಿ, ಅಷ್ಟೆ." ಇವತ್ತು ಈ ಸಮಜಾಯಿಷಿಯನ್ನೇ ಒರೆಗೆ ಹಚ್ಚೋಣ.

ಟೂಂಬ್ ರೈಡರ್ ಗೇಮ್‌ನ ನಾಯಕಿ, ಹಳೆಯ ಗೋರಿಗಳೊಳಗೆ ನುಗ್ಗುವ ಸಾಹಸಿ ಲಾರಾ ಕ್ರಾಫ್ಟ್‌ಳಿಂದಲೇ ಆರಂಭಿಸುತ್ತೇನೆ. ಆ ಗೇಮ್ ಬಂದದ್ದು 1996ರಲ್ಲಿ, ಇಂಗ್ಲೆಂಡಿನ ಡರ್ಬಿ ನಗರದ ಕೋರ್ ಡಿಸೈನ್ ಎಂಬ ಸ್ಟುಡಿಯೋದಿಂದ. ಆಗಿನ ಯಂತ್ರಗಳ ಶಕ್ತಿಗೆ ತಕ್ಕಂತೆ ಲಾರಾಳ ಇಡೀ ದೇಹ ಕೆಲವೇ ನೂರು ಪಾಲಿಗನ್‌ಗಳಲ್ಲಿ (ಕಂಪ್ಯೂಟರ್ ಆಕೃತಿ ಕಟ್ಟುವ ಚಪ್ಪಟೆ ತುಂಡುಗಳಲ್ಲಿ) ಮುಗಿಯಬೇಕಿತ್ತು. ಅಷ್ಟು ಕಡಿಮೆ ಪಾಲಿಗನ್‌ಗಳಲ್ಲಿ ಮನುಷ್ಯದೇಹದ ದುಂಡುತನ ಬರುವುದಿಲ್ಲ, ಮೂಲೆಗಳು ಬರುತ್ತವೆ. ಆ ಚೂಪು ಎದೆಯನ್ನೇ ಜಾಹೀರಾತಿನವರು ಹಿಡಿದುಕೊಂಡರು, ಮಾಡೆಲ್‌ಗಳಿಗೆ ಲಾರಾ ವೇಷ ಹಾಕಿಸಿ ಮೇಳಗಳಲ್ಲಿ ನಿಲ್ಲಿಸಿದರು. 2001ರ ಸಿನಿಮಾದಲ್ಲಿ ಏಂಜಲೀನಾ ಜೋಲಿ ಕೂಡ ಆ ಅಳತೆಗೆ ಹತ್ತಿರವಾಗಲು ಪ್ಯಾಡ್ ಇಟ್ಟುಕೊಂಡಿದ್ದಾಗಿ ಸಂದರ್ಶನಗಳಲ್ಲಿ ಹೇಳಿದ್ದರು. ಅಂದರೆ "ಜೋಲಿಯೇ ನಿಜವಾದ ಲಾರಾ" ಅನ್ನುವವರ ಕಣ್ಣಿಗೆ ತುಂಬಿದ್ದು ಜೋಲಿಯವರ ಮೈಯಲ್ಲ, ವಸ್ತ್ರವಿಭಾಗದ ಕೈಚಳಕ.

2013ರಲ್ಲಿ ಕ್ರಿಸ್ಟಲ್ ಡೈನಾಮಿಕ್ಸ್ ಎಂಬ ಸ್ಟುಡಿಯೋ ಲಾರಾಳನ್ನು ಹೊಸದಾಗಿ ಕಟ್ಟಿತು. ಚಡ್ಡಿ ಹೋಗಿ ಉದ್ದ ಪ್ಯಾಂಟ್ ಬಂತು, ಜೋಡಿ ಪಿಸ್ತೂಲಿಗಿಂತ ಬಿಲ್ಲು ಮುಂದೆ ಬಂತು, ದೇಹ ಸಾಮಾನ್ಯ ತರುಣಿಯದಾಯಿತು. 2018ರ ಅಲಿಸಿಯಾ ವಿಕಾಂಡರ್ ಸಿನಿಮಾ ಆಧರಿಸಿದ್ದು ಈ ಗೇಮನ್ನು. ಜಲಪಾತದ ತುದಿಯಲ್ಲಿ ಸಿಕ್ಕಿಕೊಂಡ ತುಕ್ಕು ಹಿಡಿದ ವಿಮಾನ, ಅದು ಕಳಚುತ್ತಿರುವಾಗ ಹರಿದ ಪ್ಯಾರಾಚೂಟ್ ಹಿಡಿದು ಹಾರುವ ದೃಶ್ಯ, ಎಲ್ಲ ಅಲ್ಲಿಯದೇ. ಆದರೂ ಜೋರಾಗಿ ಕೇಳಿಬಂದ ಆಕ್ಷೇಪ ವಿಕಾಂಡರ್ ಅವರ ಎದೆಯ ಗಾತ್ರದ್ದು. ಐದು ವರ್ಷ ಹಿಂದಿನ ಗೇಮ್ ಬಿಟ್ಟು ಇಪ್ಪತ್ತೆರಡು ವರ್ಷ ಹಿಂದಿನ ಮೂಲೆಗಳನ್ನು ಹಿಡಿದು ಅಳೆದರೆ, ಅದನ್ನು ಮೂಲನಿಷ್ಠೆ ಎನ್ನಲಾಗದು.

ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಆಬಿಯದು. ಆಕೆ ಇರುವ, ದಿ ಲಾಸ್ಟ್ ಆಫ್ ಅಸ್ ಗೇಮ್‌ನ ಎರಡನೇ ಭಾಗ 2020ರ ಜೂನ್‌ನಲ್ಲಿ ಬಂತು. ಆಬಿಯ ಹುರಿಗಟ್ಟಿದ ತೋಳುಗಳಿಗೆ ಮಾದರಿಯಾದವರು ಕೊಲೀನ್ ಫಾಚ್ ಎಂಬ ಕ್ರಾಸ್‌ಫಿಟ್ ಕ್ರೀಡಾಪಟು. ಆಗಿನ ಕೂಗು ಏನು? "ಹೆಂಗಸಿಗೆ ಇಂಥ ಮೈಕಟ್ಟು ಇರುವುದೇ ಇಲ್ಲ." ಇದ್ದ ಹೆಂಗಸಿನ ಮೈಯನ್ನೇ ನೋಡಿ ಮಾಡಿದ್ದಕ್ಕೆ ಬಂದ ಮಾತು ಇದು. ಧ್ವನಿ ಮತ್ತು ಅಭಿನಯ ಕೊಟ್ಟ ಲಾರಾ ಬೇಲಿ ಅವರಿಗೆ ಕೊಲೆ ಬೆದರಿಕೆಗಳು ಬಂದವು. ಆ ವರ್ಷ ಜುಲೈನಲ್ಲಿ ಅವರೇ ಅವುಗಳನ್ನು ಬಹಿರಂಗಪಡಿಸಿದರು. ಗೇಮ್ ಆಧರಿಸಿದ ಟಿವಿ ಸರಣಿಯ ಎರಡನೇ ಸೀಸನ್‌ನಲ್ಲಿ (2025) ಅದೇ ಪಾತ್ರಕ್ಕೆ ಕೇಟ್ಲಿನ್ ಡೆವರ್ ಬಂದರು. ಈಗಿನ ಕೂಗು: "ಇವಳಿಗೆ ತೋಳೇ ಇಲ್ಲ." ಪಾತ್ರ ಒಂದೇ, ದೂರು ಪೂರ್ತಿ ತಿರುಗುಮುರುಗು. ಡೆವರ್ ಅವರಿಗೆ ಚಿತ್ರೀಕರಣದ ವೇಳೆ ಹೆಚ್ಚಿನ ಭದ್ರತೆ ಬೇಕಾಯಿತೆಂದು ಸಹನಟಿ ಇಸಬೆಲಾ ಮರ್ಸೆಡ್ ಹೇಳಿದ್ದಾರೆ. ಇನ್ನೂ ಒಂದು ದೃಶ್ಯ ಕೂಡ ಹೊರಬರದಿದ್ದ ಕಾಲ ಅದು.

ಮೈಕಟ್ಟನ್ನು ಏಕೆ ಬದಲಿಸಿದರು ಎಂದು ಕೇಳುವುದು ಖಂಡಿತ ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರವೂ ಇದೆ. ಗೇಮ್‌ನಲ್ಲಿ ಎಲ್ಲಿ (Ellie) ಎಂಬ ಇನ್ನೊಬ್ಬ ನಾಯಕಿಯನ್ನೂ ಆಬಿಯನ್ನೂ ನಾವೇ ಆಡುತ್ತೇವೆ, ಹಾಗಾಗಿ ಕಂಟ್ರೋಲರ್ ಹಿಡಿದ ಕೈಗೆ ಇಬ್ಬರ ವ್ಯತ್ಯಾಸ ಗೊತ್ತಾಗಬೇಕು. ಎಲ್ಲಿಯದು ಚುರುಕು, ಆಬಿಯದು ಬಲ. ಸರಣಿಯನ್ನು ನಾವು ಆಡುವುದಿಲ್ಲ, ನೋಡುತ್ತೇವೆ. ಆ ಅಗತ್ಯ ಅಲ್ಲಿಲ್ಲವೆಂದು ಗೇಮ್ ರೂಪಿಸಿದ ನೀಲ್ ಡ್ರಕ್‌ಮನ್ ವಿವರಿಸಿದ್ದಾರೆ. ಒಪ್ಪಬಹುದು, ಬಿಡಬಹುದು. ನನಗನ್ನಿಸುವುದು, ಹೊಡೆದಾಟದ ದೃಶ್ಯಗಳಲ್ಲಿ ಆ ಭಾರ ಇದ್ದಿದ್ದರೆ ಚೆನ್ನಾಗಿತ್ತು. ಹೀಗೆ ಹೇಳಲು ಡೆವರ್ ಅವರನ್ನು ಅವಮಾನಿಸಬೇಕಾಗಿಲ್ಲ ಎಂಬುದೇ ಇಲ್ಲಿ ಮುಖ್ಯ.

ಸರಣಿಯಲ್ಲಿ ಆ ಎಲ್ಲಿಯ ಪಾತ್ರ ಮಾಡಿದ ಬೆಲ್ಲಾ ರಾಮ್ಸಿ ಆಯ್ಕೆಯಾದಾಗ ಅವರಿಗೆ ಹದಿನೇಳು ವರ್ಷ. ಅವರು ತಮ್ಮನ್ನು ನಾನ್-ಬೈನರಿ (ಗಂಡು, ಹೆಣ್ಣು ಎಂಬ ಎರಡೇ ಗುರುತುಗಳಿಗೆ ಸೀಮಿತವಾಗದವರು) ಎಂದು ಗುರುತಿಸಿಕೊಳ್ಳುತ್ತಾರೆ. ಆದರೂ ಅವರ ಮೇಲೆ ಬಿದ್ದ ಮಾತುಗಳೆಲ್ಲ ಹೆಣ್ಣಿನ ಮುಖ ಹೀಗಿರಬೇಕು ಎಂಬ ಅಳತೆಪಟ್ಟಿಯವೇ. ಜಗತ್ತು ಹಾಳುಬಿದ್ದ ಮೇಲೆ ಬೆಳೆದ, ಬೈಗುಳವಾಡುವ ಹುಡುಗಿಯ ಪಾತ್ರಕ್ಕೆ "ಅಂದವಿಲ್ಲ" ಎಂಬ ಆಕ್ಷೇಪ!

ಈಗ ಗಂಡು ಪಾತ್ರಗಳಿಗೆ ಬನ್ನಿ. ಸೋನಿಕ್ ಎಂಬ ನೀಲಿ ಮುಳ್ಳುಹಂದಿಯ ಗೇಮ್‌ನ ಖಳ ಎಗ್‌ಮನ್ ಹೆಸರಿಗೆ ತಕ್ಕಂತೆ ಮೊಟ್ಟೆಯಾಕಾರದವನು. ಸಿನಿಮಾದಲ್ಲಿ ಆ ಪಾತ್ರ ಮಾಡಿದ ಜಿಮ್ ಕ್ಯಾರಿ ತೆಳ್ಳಗಿನ ಮನುಷ್ಯ. ಜನ ಅವರ ನಟನೆಯನ್ನು ಮೆಚ್ಚಿಕೊಂಡರು. ಗೇಮ್‌ನಿಂದಲೇ ಬಂದ 2022ರ ಸಿನಿಮಾ ಅನ್‌ಚಾರ್ಟೆಡ್‌ನಲ್ಲಿ ಮಾರ್ಕ್ ವಾಲ್‌ಬರ್ಗ್ ಬಗ್ಗೆ ಎದ್ದ ಗಲಾಟೆ, ಅವರ ಪಾತ್ರ ಸಲ್ಲಿಗೆ ಗೇಮ್‌ನಲ್ಲಿದ್ದ ಮೀಸೆ ಎಲ್ಲಿ ಹೋಯಿತು ಎಂಬುದು. ಮೀಸೆಯನ್ನು ಅಂಟಿಸಬಹುದು, ಕೊನೆಯಲ್ಲಿ ಅದು ಬಂತು ಕೂಡ. ನಾಯಕನಾದ ಟಾಮ್ ಹಾಲೆಂಡ್ ತೀರಾ ಚಿಕ್ಕವರು ಎಂದರು ಜನ, ಆಮೇಲೆ ನಕ್ಕು ಸುಮ್ಮನಾದರು. ಸೋನಿಕ್‌ನದೇ ರೂಪಕ್ಕೆ 2019ರ ಏಪ್ರಿಲ್ ಟ್ರೇಲರ್ ಬಂದಾಗ ಎಲ್ಲರೂ ಬೈದರು. ಹಲ್ಲು, ಕಣ್ಣು, ಕಾಲು ಎಲ್ಲ ಮತ್ತೆ ಮಾಡಿ, ನವೆಂಬರ್‌ನ ಬಿಡುಗಡೆಯನ್ನು 2020ರ ಫೆಬ್ರವರಿಗೆ ತಳ್ಳಿದರು. ಕಂಪ್ಯೂಟರ್‌ನಲ್ಲಿ ಬರೆದ ಪ್ರಾಣಿಯ ಹಲ್ಲು ತಿದ್ದಬಹುದು. ನಟಿಯ ದವಡೆ ತಿದ್ದುವುದು ಯಾರ ಕೆಲಸ?

ಗೇಮ್‌ನ ನಾಯಕಿಯನ್ನೂ ನಟಿಯನ್ನೂ ಪಕ್ಕಪಕ್ಕ ಇಟ್ಟು ತೋರಿಸುವ ಹೋಲಿಕೆ ಚಿತ್ರ ಹೇಗೆ ತಯಾರಾಗುತ್ತದೆಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಬೆಂಕಿ ಹೊತ್ತುವುದು ಅಲ್ಲಿಂದಲೇ. ಸೆಕೆಂಡಿಗೆ 24 ಫ್ರೇಮ್‌ನಂತೆ ಎರಡು ನಿಮಿಷದ ಟ್ರೇಲರ್‌ನಲ್ಲಿ 2,880 ಫ್ರೇಮ್‌ಗಳಿರುತ್ತವೆ. ಮಾತಿನ ನಡುವೆ ಬಾಯಿ ಸೊಟ್ಟಗಾದ, ರೆಪ್ಪೆ ಅರ್ಧ ಮುಚ್ಚಿದ ಒಂದು ಫ್ರೇಮ್ ಹೆಕ್ಕುತ್ತಾರೆ. ಎದುರಿಗೆ ಇಡುವುದು ಆಟದೊಳಗಿನ ದೃಶ್ಯವನ್ನಲ್ಲ, ಕಲಾವಿದರು ಬೆಳಕು ಕೂಡಿಸಿ ಮಾಡಿದ ಪ್ರಚಾರಚಿತ್ರವನ್ನು. ಇನ್ನು ಲೆನ್ಸ್: ಅಗಲ ಕೋನದ ಲೆನ್ಸ್ ಮುಖದ ಹತ್ತಿರ ಬಂದರೆ ಮೂಗು ಉಬ್ಬುತ್ತದೆ, ಕಿವಿ ಹಿಂದೆ ಸರಿಯುತ್ತದೆ. ಆಮೇಲೆ ಬಣ್ಣ ಇಳಿಸಿ, ಥಂಬ್‌ನೇಲ್‌ಗೆ ಕೆಂಪು ವೃತ್ತ ಹಾಕಿದರೆ ಸರಕು ಸಿದ್ಧ. ಸಿಟ್ಟು ಕ್ಲಿಕ್ ತರುತ್ತದೆ, ಕ್ಲಿಕ್ ಹಣ ತರುತ್ತದೆ. ಇಂಥ ಚಿತ್ರ ಕಂಡರೆ ಟ್ರೇಲರ್ ತೆರೆದು ಆ ಫ್ರೇಮ್‌ನ ಹಿಂದೆ ಮುಂದೆ ಎರಡು ಸೆಕೆಂಡ್ ಓಡಿಸಿ ನೋಡಿ. ಬಹಳಷ್ಟು ಸಲ ಅಷ್ಟರಲ್ಲೇ ಗುಟ್ಟು ರಟ್ಟಾಗುತ್ತದೆ.

ರೇಟಿಂಗ್‌ಗಳ ವಿಷಯ ಚುಟುಕಾಗಿ. ಬಿಡುಗಡೆಗೆ ಮೊದಲೇ ಅಂಕ ಸುರಿಯುವ ಹಾವಳಿ ಹೆಚ್ಚಿದ ಮೇಲೆ ಸಿನಿಮಾ ವಿಮರ್ಶೆಗಳ ಜಾಲತಾಣ ರಾಟನ್ ಟೊಮ್ಯಾಟೋಸ್ 2019ರಲ್ಲಿ ಬಿಡುಗಡೆಪೂರ್ವ ಪ್ರೇಕ್ಷಕರ ಕಾಮೆಂಟ್‌ಗಳನ್ನು ನಿಲ್ಲಿಸಿತು. ಇಂಥದೇ ಇನ್ನೊಂದು ತಾಣ ಮೆಟಾಕ್ರಿಟಿಕ್ 2020ರಲ್ಲಿ, ಗೇಮ್ ಬಂದ 36 ಗಂಟೆಯವರೆಗೆ ಬಳಕೆದಾರರ ವಿಮರ್ಶೆಗೆ ತಡೆ ಹಾಕಿತು. ಸರಾಸರಿ ಅಂಕ ನೋಡಬೇಡಿ, ಹಂಚಿಕೆ ನೋಡಿ. 1ರಲ್ಲೂ 10ರಲ್ಲೂ ರಾಶಿ ಬಿದ್ದು ನಡುವೆ ಖಾಲಿ ಇದ್ದರೆ ಅದು ಅಭಿಪ್ರಾಯವಲ್ಲ, ಜಗಳ.

ಪುಟ, ಗುಂಪು ನಡೆಸುವವರಿಗೆ ಕೆಲವು ಮಾತು. ಆಯ್ಕೆ ಘೋಷಣೆಯಾದ ಮೊದಲ ಎರಡು ದಿನ ಕಾಮೆಂಟ್‌ಗಳನ್ನು ಒಪ್ಪಿಗೆಯ ನಂತರವೇ ಬಿಡಿ. ಮೈಯ ಅಂಗಗಳ ಹೆಸರುಗಳನ್ನು ಫಿಲ್ಟರ್‌ಗೆ ಹಾಕಿ, ಬೇಕೆಂದೇ ತಪ್ಪು ಕಾಗುಣಿತದಲ್ಲಿ ಬರೆದವುಗಳನ್ನೂ ಸೇರಿಸಿ, ಇಲ್ಲದಿದ್ದರೆ ಫಿಲ್ಟರ್ ಇದ್ದೂ ಇಲ್ಲದಂತೆ. ನಟಿಯ ಖಾತೆಯನ್ನು ಟ್ಯಾಗ್ ಮಾಡಿದ ಟೀಕೆಯನ್ನು ಎಷ್ಟೇ ಸಭ್ಯವಾಗಿದ್ದರೂ ತೆಗೆಯಿರಿ, ಹಿಂಬಾಲಿಸುವವರಿಗೆ ಅದು ದಾರಿ ತೋರಿಸುತ್ತದೆ. ಬೆದರಿಕೆ ಬಂದರೆ ಅಳಿಸುವ ಮುನ್ನ ವಿಳಾಸ, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ, ಪೊಲೀಸರಿಗೆ ಅದೇ ಬೇಕಾಗುವುದು. ನಿರ್ಮಾಪಕರಿಗೂ ಒಂದು ಮಾತು: ಉತ್ತರಿಸಬೇಕಾದವರು ಆಯ್ಕೆ ಮಾಡಿದವರು. ನಟಿಯನ್ನು ಮುಂದೆ ನಿಲ್ಲಿಸಿ ಆ ಗದ್ದಲವನ್ನೇ ಪ್ರಚಾರಕ್ಕೆ ಬಳಸುವುದು ನಾಚಿಕೆಗೇಡು.

ಹೊಸ ಟೂಂಬ್ ರೈಡರ್ ಸರಣಿಗೆ ಲಾರಾ ಆಗಿ ಸೋಫಿ ಟರ್ನರ್ ಹೆಸರು 2025ರಲ್ಲಿ ಪ್ರಕಟವಾಯಿತು. ಟೀಕಿಸಲು ಬೇಕಾದಷ್ಟು ಸಿಗಬಹುದು. ಬಂಡೆ ಹತ್ತುವಾಗ ಮೈಭಾರ ನಿಜಕ್ಕೂ ಬೆರಳಿನ ಮೇಲೆ ಬೀಳುತ್ತಿದೆಯೇ? ಹೊಡೆದಾಟವನ್ನು ಚೂರು ಚೂರು ಶಾಟ್‌ಗಳಲ್ಲಿ ಕತ್ತರಿಸಿ ಮುಚ್ಚಿಟ್ಟಿದ್ದಾರೆಯೇ? ಗೋರಿಯೊಳಗಿನ ಒಗಟನ್ನು ಅವಳೇ ಬಿಡಿಸುತ್ತಾಳೆಯೇ, ಪಕ್ಕದವನು ಹೇಳಿಕೊಡುತ್ತಾನೆಯೇ? ಕತೆ ಅವಳನ್ನು ಎಲ್ಲಿ ಒಂಟಿಯಾಗಿ ಬಿಡುತ್ತದೆ, ಆ ಮೌನದಲ್ಲಿ ಅವಳು ಏನು ಮಾಡುತ್ತಾಳೆ? ಸರಣಿ ಬರಲಿ, ಇವುಗಳನ್ನೆಲ್ಲ ಕೇಳೋಣ.