ಪೇಟೆಯ ಜಗಲಿಯಲ್ಲಿ ಮಲಗುವವರು

ಕೇಳುಗರೆಲ್ಲರಿಗೂ ನಮಸ್ಕಾರ.

ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದ ಸುತ್ತಮುತ್ತ ರಾತ್ರಿ ಹತ್ತರ ಮೇಲೆ ಓಡಾಡಿದವರಿಗೆ ನಾನು ಇವತ್ತು ಹೇಳಲಿಕ್ಕೆ ಹೊರಟ ಜನರ ಮುಖ ಪರಿಚಯ ಇದ್ದೇ ಇರುತ್ತದೆ. ಕೊನೆಯ ಸಿಟಿ ಬಸ್ಸುಗಳು ಹೊರಟು ಹೋಗುತ್ತವೆ. ಹಂಪನಕಟ್ಟೆಯಿಂದ ಬಂದರಿನವರೆಗೆ ಅಂಗಡಿಗಳ ಶಟರ್ ಒಂದೊಂದಾಗಿ ಬೀಳುತ್ತದೆ. ಅದನ್ನೇ ಕಾಯುತ್ತಾ ಇದ್ದವರು ಮೆಲ್ಲನೆ ಬಂದು ಜಗಲಿಯ ಮೇಲೆ ರಟ್ಟು ಹಾಸುತ್ತಾರೆ. ತಲೆಯಡಿಗೆ ಚೀಲ. ಚಪ್ಪಲಿಯೂ ಚೀಲದ ಒಳಗೇ. ಹೊರಗೆ ಬಿಟ್ಟರೆ ಬೆಳಿಗ್ಗೆ ಇರುವುದಿಲ್ಲ.

ಇವರನ್ನೆಲ್ಲ ನಾವು ಭಿಕ್ಷುಕರು ಅಂದುಬಿಡುತ್ತೇವೆ. ಅದು ನಿಜವಲ್ಲ. ಇವರಲ್ಲಿ ಬಾಗಲಕೋಟೆ, ಕೊಪ್ಪಳ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು, ಇನ್ನೂ ಬಾಡಿಗೆ ಕೋಣೆ ಹಿಡಿಯಲಾಗದವರು ಇದ್ದಾರೆ. ಬಂದರಿನಲ್ಲಿ ಮೂಟೆ ಹೊರುವವರು, ಮೀನಿನ ಬೋಟುಗಳು ಬಂದು ನಿಲ್ಲುವ ಧಕ್ಕೆಯಲ್ಲಿ ಬುಟ್ಟಿ ಇಳಿಸುವವರು ಇದ್ದಾರೆ. ಮದುವೆ ಹಾಲ್‌ಗಳಲ್ಲಿ ನಮಗೆ ಬಡಿಸಿ, ಪಾತ್ರೆ ತೊಳೆದು ಬಂದವರು ಇದ್ದಾರೆ. ಹುಡುಗನಾಗಿದ್ದಾಗ ಬೊಂಬಾಯಿಗೆ ಹೋಗಿ, ಹೋಟೆಲಿನಲ್ಲೇ ಆಯುಷ್ಯ ಕಳೆದು, ಕೈ ನಡುಗಲು ಶುರುವಾದ ಮೇಲೆ ಊರಿಗೆ ಬಂದವರು ಇದ್ದಾರೆ. ಬಂದು ನೋಡಿದರೆ ಮನೆಯಲ್ಲಿ ಇವರಿಗೆ ಜಾಗ ಇಲ್ಲ. ಮನೆ ಬಿಟ್ಟು ಬಂದ ಹೆಂಗಸರೂ ಇದ್ದಾರೆ. ಅವರು ಜಗಲಿಯಲ್ಲಿ ಮಲಗುವುದಿಲ್ಲ. ಆಸ್ಪತ್ರೆ, ರೈಲ್ವೆ ನಿಲ್ದಾಣ, ಎಲ್ಲಿ ಬೆಳಕಿದೆಯೋ ಎಲ್ಲಿ ನಾಲ್ಕು ಜನ ಇದ್ದಾರೋ ಅಲ್ಲಿ ಕೂತೇ ಬೆಳಗು ಮಾಡುತ್ತಾರೆ.

2011ರ ಜನಗಣತಿಯಲ್ಲಿ ಫೆಬ್ರವರಿ 28ರ ಒಂದು ರಾತ್ರಿಯನ್ನು ಮನೆ ಇಲ್ಲದವರ ಎಣಿಕೆಗೆಂದೇ ಇಟ್ಟಿದ್ದರು. ರಸ್ತೆಬದಿ, ಮೇಲ್ಸೇತುವೆಯ ಅಡಿ, ದೊಡ್ಡ ಪೈಪುಗಳ ಒಳಗೆ, ದೇವಸ್ಥಾನದ ಹೊರಗೆ, ರೈಲ್ವೆ ಪ್ಲಾಟ್‌ಫಾರಂನಲ್ಲಿ ಮಲಗಿದವರು ಲೆಕ್ಕಕ್ಕೆ ಬಂದರು. ದೇಶದಲ್ಲಿ 17 ಲಕ್ಷಕ್ಕೂ ಜಾಸ್ತಿ, ಕರ್ನಾಟಕದಲ್ಲಿ 76 ಸಾವಿರಕ್ಕೂ ಜಾಸ್ತಿ ಜನ. ಒಂದೇ ರಾತ್ರಿ ಸಿಕ್ಕಿದವರ ಲೆಕ್ಕ ಇದು.

ನಾನು ನರ್ಸ್ ಆಗಿ ಕೆಲಸ ಮಾಡಿ ನಿವೃತ್ತಿಯಾದವಳು. ಮನೆ ಇರುವುದು ಪೇಟೆಯ ನಡುವೆಯೇ. ಹಾಗಾಗಿ ಈ ವಿಷಯವನ್ನು ಎರಡು ಕಡೆಯಿಂದಲೂ ನೋಡಿದ್ದೇನೆ. ಅಕ್ಕಪಕ್ಕದವರ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ಟ್ಯೂಷನ್ ಮುಗಿಸಿ ಬರುವ ಹುಡುಗಿಗೆ, ರಾತ್ರಿ ಪಾಳಿ ಮುಗಿಸಿ ನಡೆದು ಬರುವ ಹೆಂಗಸಿಗೆ, ಕತ್ತಲೆಯಲ್ಲಿ ಕುಡಿದು ಬಿದ್ದವನನ್ನು ದಾಟಿ ಹೋಗುವುದು ಕಷ್ಟವೇ. ನನಗೂ ಎದೆ ಹೊಡೆದುಕೊಂಡದ್ದಿದೆ. ಕಿರುಕುಳ ಕೊಟ್ಟರೆ, ಜಗಳಕ್ಕೆ ಬಂದರೆ 112ಕ್ಕೆ ಫೋನ್ ಮಾಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ.

ಆದರೆ ನಮ್ಮ ವಾರ್ಡಿನ ಸಭೆಗಳಲ್ಲಿ ಮಾತು ಯಾವಾಗಲೂ ಒಂದೇ ದಾರಿಯಲ್ಲಿ ಹೋಗುತ್ತದೆ. ಬೀದಿ ದೀಪ ಹಾಕಿಸಿ, ಕ್ಯಾಮೆರಾ ಹಾಕಿಸಿ, ಇವರನ್ನು ಇಲ್ಲಿಂದ ಎಬ್ಬಿಸಿ. ಮೊದಲ ಎರಡಕ್ಕೆ ನನ್ನದೂ ಕೈ ಮೇಲೆ. ಮೂರನೆಯದಕ್ಕೆ ಇಲ್ಲ. ಎಬ್ಬಿಸಿದರೆ ಇವರು ಎಲ್ಲಿಗೆ ಹೋಗುತ್ತಾರೆ? ಎರಡು ರಸ್ತೆ ಆಚೆಗೆ. ಅಲ್ಲಿ ದೀಪ ಇರುವುದಿಲ್ಲ, ಗುರುತಿನವರು ಇರುವುದಿಲ್ಲ. ಶನಿವಾರ ಬಟವಾಡೆಯಾದ ರಾತ್ರಿ ಜೇಬಿಗೆ ಕತ್ತರಿ ಬೀಳುವುದು ಇಂಥವರದ್ದೇ. ಮೊಬೈಲ್ ಹೋಗುವುದೂ ಇವರದ್ದೇ. ನಮಗಾದರೆ ಓಡಿ ಹೋಗಿ ಚಿಲಕ ಹಾಕಲು ಒಂದು ಬಾಗಿಲು ಉಂಟು. ಇವರಿಗೆ ಅದೂ ಇಲ್ಲ.

ನನಗೆ ಗೊತ್ತಿದ್ದ ಒಬ್ಬರ ವಿಷಯ ಹೇಳುತ್ತೇನೆ. ಮೂಟೆ ಹೊರುತ್ತಿದ್ದವರು, ವಯಸ್ಸು ಐವತ್ತು ದಾಟಿತ್ತು. ಬೀದಿಯವರಿಗೆಲ್ಲ ಅವರು ಅಣ್ಣ. ಸಕ್ಕರೆ ಕಾಯಿಲೆ ಇತ್ತು. ಕಾಲಿನಡಿಗೆ ಏನೋ ಚುಚ್ಚಿದ್ದು ಗೊತ್ತೇ ಆಗಲಿಲ್ಲ. ಗೊತ್ತಾಗುವಾಗ ಹುಣ್ಣಾಗಿತ್ತು. ಆಸ್ಪತ್ರೆಗೆ ಸೇರಿಸಿದರು, ಚಿಕಿತ್ಸೆ ಚೆನ್ನಾಗಿಯೇ ಆಯಿತು, ಡಿಸ್ಚಾರ್ಜ್ ಮಾಡಿದರು. ಚೀಟಿಯಲ್ಲಿ ಬರೆದದ್ದು ಮೂರು ಮಾತು. ಗಾಯ ಒದ್ದೆಯಾಗಬಾರದು. ಕಾಲಿಗೆ ಭಾರ ಕೊಡಬಾರದು. ಇನ್ಸುಲಿನ್ ತಂಪಾದ ಜಾಗದಲ್ಲಿಡಬೇಕು.

ಜಗಲಿಯಲ್ಲಿ ಮಲಗುವವರು ಇದರಲ್ಲಿ ಯಾವುದನ್ನು ಮಾಡಲು ಸಾಧ್ಯ, ನೀವೇ ಹೇಳಿ. ಅದು ಜುಲೈ ತಿಂಗಳು, ತುಳುವರ ಮಳೆಯ ತಿಂಗಳು ಆಟಿ ಶುರುವಾಗಿತ್ತು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಗಾಳಿ ಮಳೆಗೆ ಜಗಲಿಯ ಗೋಡೆಯವರೆಗೂ ಎರಚಲು ಬರುತ್ತದೆ. ರಟ್ಟು ನೆನೆದು ಮುದ್ದೆಯಾಗುತ್ತದೆ. ಬೆಳಿಗ್ಗೆ ನಾನು ನೋಡುವಾಗ ಅವರು ಗಾಯದ ಕಾಲಿಗೆ ಪ್ಲಾಸ್ಟಿಕ್ ತೊಟ್ಟೆ ಕಟ್ಟಿಕೊಂಡು ಕೂತಿದ್ದರು. ಒಳಗಿನ ಬ್ಯಾಂಡೇಜು ಪೂರಾ ಒದ್ದೆ.

ಮೂಲೆಯ ಗೂಡಂಗಡಿಯ ಅಕ್ಕ ಅವತ್ತೇ ಅವರ ಇನ್ಸುಲಿನ್ ತೆಗೆದುಕೊಂಡು ತಮ್ಮ ಜ್ಯೂಸ್ ಇಡುವ ಫ್ರಿಜ್ಜಿನಲ್ಲಿ ಇಟ್ಟರು. ಒಂದು ಸ್ಟೀಲ್ ಡಬ್ಬಿ, ಮೇಲೆ ರಬ್ಬರ್ ಬ್ಯಾಂಡ್, ಯಾರೂ ಮುಟ್ಟಬಾರದು ಅಂತ ಕೆಂಪು ಶಾಯಿಯಲ್ಲಿ ಬರೆದದ್ದು. ಬೆಳಿಗ್ಗೆ ಚಾ ಕೊಡುವ ಮೊದಲು "ಅಣ್ಣ, ಚುಚ್ಚಿಕೊಂಡ್ರಾ?" ಅಂತ ಕೇಳುತ್ತಿದ್ದರು. ರಿಕ್ಷಾ ಪಾರ್ಕಿನವರು ಸರದಿಯಲ್ಲಿ ಡ್ರೆಸ್ಸಿಂಗ್‌ಗೆ ಕರೆದುಕೊಂಡು ಹೋದರು, ದುಡ್ಡು ತೆಗೆದುಕೊಳ್ಳಲಿಲ್ಲ. ಅಂಗಡಿಯ ಮಾಲೀಕರು ಮೆಟ್ಟಿಲಿನ ಅಡಿಯ ಜಾಗ ಬಿಟ್ಟುಕೊಟ್ಟರು. ಎರಡು ಬೆರಳು ತೆಗೆಯಬೇಕಾಯಿತು. ಕಾಲು ಉಳಿಯಿತು.

ಆ ಅಕ್ಕನನ್ನು ನಾನು ಒಮ್ಮೆ ಕೇಳಿದೆ, ನಿಮಗೆ ರಾತ್ರಿ ಇವರೆಲ್ಲ ಇಲ್ಲಿರುವುದು ಭಯ ಆಗುವುದಿಲ್ಲವಾ ಅಂತ. "ಎಂತ ಭಯ? ನಾನು ಬಾಗಿಲು ಹಾಕುವಾಗ ಅಣ್ಣ ಅಲ್ಲಿ ಕೂತಿದ್ದರೆ ನನಗೆ ಧೈರ್ಯ" ಅಂದರು. ಬೀದಿಯ ಸುರಕ್ಷತೆಯ ಬಗ್ಗೆ ನಾನು ಎಷ್ಟೋ ಭಾಷಣ ಕೇಳಿದ್ದೇನೆ, ಇಷ್ಟು ಸರಿಯಾದ ಮಾತು ಕೇಳಿಲ್ಲ. ಪರಿಚಯ ಇದ್ದ ಕಡೆ ಭಯ ಕಡಿಮೆ. ಹೊಸಬ ಯಾರು ಬಂದ, ಯಾವ ದೀಪ ಕೆಟ್ಟಿದೆ, ಯಾರಿಗೆ ಹುಷಾರಿಲ್ಲ ಅಂತ ಮೊದಲು ಗೊತ್ತಾಗುವುದು ಬೀದಿಯಲ್ಲೇ ಇರುವವರಿಗೆ.

ಆದರೆ ಕೇಳುಗರೇ, ಜ್ಯೂಸಿನ ಫ್ರಿಜ್ಜನ್ನು ನಂಬಿ ಒಂದು ನಗರ ಕೂರಬಾರದು. ಒಬ್ಬ ಅಕ್ಕ ಒಳ್ಳೆಯವರಾದದ್ದರಿಂದ ಒಂದು ಕಾಲು ಉಳಿಯಿತು. ಅಂಥ ಅಕ್ಕ ಇಲ್ಲದ ಮೂಲೆಯಲ್ಲಿ ಏನಾಗುತ್ತದೆ?

ಸುಪ್ರೀಂ ಕೋರ್ಟ್ 2010ರಿಂದ ಈ ವಿಷಯದಲ್ಲಿ ಒಂದರ ಮೇಲೊಂದು ಆದೇಶ ಕೊಟ್ಟಿದೆ. ಒಂದು ಲಕ್ಷ ಜನಸಂಖ್ಯೆಗೆ ಒಂದಾದರೂ ಆಶ್ರಯ ಕೇಂದ್ರ ಬೇಕು, ಅದು ಚಳಿಗಾಲಕ್ಕೆ ಮಾತ್ರ ಅಲ್ಲ, ವರ್ಷವಿಡೀ ತೆರೆದಿರಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಇದನ್ನೇ ಯೋಜನೆಯಾಗಿ ಮಾಡಿತು. ಒಬ್ಬರಿಗೆ 50 ಚದರ ಅಡಿ ಜಾಗ, ನೀರು, ಶೌಚಾಲಯ, ಹಗಲೂ ರಾತ್ರಿಯೂ ತೆರೆದ ಬಾಗಿಲು. ಇನ್ನೊಂದು ಮಾತನ್ನೂ ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಕೇಂದ್ರ ಇರಬೇಕಾದದ್ದು ಈ ಜನ ಇರುವ ಕಡೆ, ಅಂದರೆ ರೈಲು, ಬಸ್ ನಿಲ್ದಾಣ, ಮಾರುಕಟ್ಟೆ, ಕೆಲಸದ ಜಾಗದ ಹತ್ತಿರ. ಇದು ತುಂಬ ಮುಖ್ಯ. ಬೆಳಗ್ಗಿನ ಜಾವ ಧಕ್ಕೆಯಲ್ಲಿ ಬೋಟಿನಿಂದ ಮೀನು ಇಳಿಸುವವರಿಗೆ ಊರ ಹೊರಗೆ ಎಷ್ಟು ಚೆಂದದ ಕಟ್ಟಡ ಕಟ್ಟಿಕೊಟ್ಟರೂ ಉಪಯೋಗ ಇಲ್ಲ. ಆ ಹೊತ್ತಿಗೆ ಅವರಿಗೆ ಬಸ್ ಎಲ್ಲಿಂದ ಬರಬೇಕು?

ಮಂಗಳೂರಿನ ಜನಸಂಖ್ಯೆ 2011ರಲ್ಲೇ 5 ಲಕ್ಷದ ಹತ್ತಿರ ಇತ್ತು. ಹಾಗಾದರೆ ಎಷ್ಟು ಕೇಂದ್ರ ಬೇಕು ಅಂತ ನೀವೇ ಲೆಕ್ಕ ಹಾಕಿ. ಪಾಲಿಕೆಯ ಆಶ್ರಯ ಕೇಂದ್ರ ಎಲ್ಲಿದೆ ಅಂತ ನಿಮ್ಮ ರಸ್ತೆಯಲ್ಲಿ ಎಷ್ಟು ಜನಕ್ಕೆ ಗೊತ್ತು ಅಂತ ಕೇಳಿಯೂ ನೋಡಿ.

ನನ್ನ ಬೇಡಿಕೆ ಅದಕ್ಕಿಂತ ಸ್ವಲ್ಪ ಮುಂದಿನದು. ವೆನ್ಲಾಕ್ ಆಸ್ಪತ್ರೆ ನಮ್ಮ ಪೇಟೆಯ ನಡುವೆ 1848ರಿಂದ ಇದೆ. ನಮ್ಮ ಜಿಲ್ಲೆಯವರಷ್ಟೇ ಅಲ್ಲ, ಘಟ್ಟದ ಮೇಲಿನವರೂ ಅಲ್ಲಿಗೆ ಬರುತ್ತಾರೆ. ಆಸ್ಪತ್ರೆಯಿಂದ ಬಿಡುಗಡೆಯಾಗಿ ಹೋಗಲು ಮನೆ ಇಲ್ಲದವರಿಗೆ, ಗಾಯ ಮಾಗುವ ತನಕ ಮಲಗಲು, ಅದರ ಹತ್ತಿರವೇ ಕೆಲವು ಹಾಸಿಗೆ ಬೇಕು. ದೊಡ್ಡ ಡಾಕ್ಟರು ಬೇಡ. ಒಬ್ಬ ನರ್ಸ್, ಒಂದು ಫ್ರಿಜ್ಜು, ಒಣಗಿದ ನೆಲ, ಹೊತ್ತಿಗೆ ಸರಿಯಾಗಿ ಗಂಜಿ. ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳು ಮಾತ್ರೆ ತಪ್ಪದೆ ತಿನ್ನಬೇಕು. ಇವತ್ತು ಈ ಜಗಲಿ, ನಾಳೆ ಆ ಜಗಲಿ ಅಂತ ಅಲೆಯುವವರಿಗೆ ಆ ಮಾತ್ರೆ ತಪ್ಪುತ್ತದೆ. ತಪ್ಪಿದರೆ ಕಾಯಿಲೆ ಮದ್ದಿಗೆ ಬಗ್ಗದ ಹಾಗೆ ಆಗುತ್ತದೆ, ಇನ್ನೊಬ್ಬರಿಗೂ ಹರಡುತ್ತದೆ. ಹಾಸಿಗೆಯ ಖರ್ಚು ಜಾಸ್ತಿ ಅನ್ನುವವರು ಈ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು ಅಲ್ವಾ?

ನಮ್ಮ ಊರಿಗೆ ಇದು ಹೊಸ ಕೆಲಸವೂ ಅಲ್ಲ. ಜೆಪ್ಪುವಿನ ಸಂತ ಅಂತೋನಿ ಆಶ್ರಮ ಅನಾಥರನ್ನೂ ಮುದುಕರನ್ನೂ ನೂರಕ್ಕೂ ಹೆಚ್ಚು ವರ್ಷದಿಂದ ನೋಡಿಕೊಳ್ಳುತ್ತಾ ಬಂದಿದೆ. ಬೀದಿಯಲ್ಲಿ ಅಲೆಯುವ ಮಾನಸಿಕ ರೋಗಿಗಳನ್ನು ಕರೆದು ತಂದು, ಗುಣಪಡಿಸಿ, ಮನೆಯವರನ್ನು ಹುಡುಕಿ ತಲುಪಿಸುವ ಕೆಲಸವನ್ನು ಮಂಗಳೂರಿನ ವೈಟ್ ಡವ್ಸ್, ಮಂಜೇಶ್ವರದ ಸ್ನೇಹಾಲಯ ಮಾಡುತ್ತಿವೆ. ಅವರಿಗೆ ಎಷ್ಟು ಕೈ ಮುಗಿದರೂ ಸಾಲದು. ಆದರೆ ಸರಕಾರ ಮಾಡಬೇಕಾದದ್ದನ್ನೆಲ್ಲ ಪುಣ್ಯಾತ್ಮರ ಮೇಲೆ ಹಾಕಿ ನಾವು ಸುಮ್ನೆ ಕೂರುವುದು ನ್ಯಾಯವಲ್ಲ. ನಿಮ್ಮ ಆಸ್ತಿ ತೆರಿಗೆಯ ಚಲನ್ ತೆಗೆದು ನೋಡಿ. ತೆರಿಗೆಯ ಮೇಲೆ ಶೇಕಡಾ 3ರಷ್ಟು ಭಿಕ್ಷುಕರ ಕರ ಅಂತ ಇರುತ್ತದೆ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಕೆಳಗೆ, ನಿರಾಶ್ರಿತರ ಪರಿಹಾರಕ್ಕೆಂದೇ ಕಟ್ಟಿಸಿಕೊಳ್ಳುವ ಹಣ ಅದು. ಕೊಟ್ಟವರಿಗೆ ಕೇಳುವ ಹಕ್ಕೂ ಉಂಟು.

ಮಾನಸಿಕ ಕಾಯಿಲೆಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ತಮ್ಮಷ್ಟಕ್ಕೆ ಮಾತಾಡಿಕೊಂಡು, ಮೈಮೇಲೆ ಪ್ರಜ್ಞೆ ಇಲ್ಲದೆ ಅಲೆಯುವವರನ್ನು ಕಂಡರೆ ನಾವು ದಾರಿ ಬದಲಿಸುತ್ತೇವೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಕಲಮಿನ ಪ್ರಕಾರ ಅಂಥವರನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಪೊಲೀಸರ ಕರ್ತವ್ಯ. 24 ಗಂಟೆಯ ಒಳಗೆ ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಲಾಕಪ್ಪಿನಲ್ಲಿ ಇಡುವ ಹಾಗೆಯೇ ಇಲ್ಲ. ಮನೆಯವರನ್ನು ಹುಡುಕುವ ಹೊಣೆಯೂ ಠಾಣೆಯದ್ದು. ಹಾಗಾಗಿ 112ಕ್ಕೆ ಫೋನ್ ಮಾಡುವಾಗ ಹುಚ್ಚ ಬಂದಿದ್ದಾನೆ ಓಡಿಸಿ ಅನ್ನಬೇಡಿ. ಕಾಯಿಲೆಯವರೊಬ್ಬರು ಇದ್ದಾರೆ, ಆಸ್ಪತ್ರೆಗೆ ಸೇರಿಸಬೇಕು ಅನ್ನಿ. ಹೀಗೆ ಹೇಳಿದರೆ ಬರುವವರೂ ಓಡಿಸಲು ಬರುವುದಿಲ್ಲ. ವಯಸ್ಸಾದವರು ದಿಕ್ಕಿಲ್ಲದೆ ಕೂತಿದ್ದರೆ 14567 ಹಿರಿಯರ ಸಹಾಯವಾಣಿ. ಮಕ್ಕಳಾದರೆ 1098. ಎದ್ದೇಳದ ಸ್ಥಿತಿಯಲ್ಲಿದ್ದರೆ 108.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಮನೆ ಇಲ್ಲದವರಿಗೂ ಮತ ಹಾಕುವ ಹಕ್ಕಿದೆ. ವಿಳಾಸದ ದಾಖಲೆ ಬೇಕೆಂದಿಲ್ಲ. ಅರ್ಜಿಯಲ್ಲಿ ಬರೆದ ಜಾಗದಲ್ಲಿ ಅವರು ಮಲಗುತ್ತಾರೋ ಅಂತ ಮತಗಟ್ಟೆಯ ಅಧಿಕಾರಿ ರಾತ್ರಿ ಬಂದು ನೋಡಿ ಹೋಗಬೇಕು, ಅಷ್ಟೇ. ಓಟು ಇದ್ದವರ ಮಾತಿಗೆ ಸಭೆಯಲ್ಲಿ ಬೆಲೆ ಬರುತ್ತದೆ. ನಿಮ್ಮ ಬೀದಿಯಲ್ಲಿ ವರ್ಷಗಟ್ಟಲೆ ಇರುವವರಿಗೆ ಆ ಅರ್ಜಿ ತುಂಬಿಸಿ ಕೊಡುವುದು ಕಾಲೇಜು ಮಕ್ಕಳು ಒಂದು ಸಂಜೆಯಲ್ಲಿ ಮಾಡಬಹುದಾದ ಕೆಲಸ.

ಊಟ ಕೊಡುವವರಿಗೂ ಒಂದು ಮಾತು. ಹುಟ್ಟುಹಬ್ಬಕ್ಕೆ, ಹಬ್ಬಕ್ಕೆ ಪೊಟ್ಟಣ ಹಂಚುತ್ತೀರಿ. ಒಳ್ಳೆಯದೇ. ಹಂಚುವಾಗ ಫೋಟೋ ತೆಗೆಯಬೇಡಿ. ಒಂದೇ ದಿನ ನಾಲ್ಕು ಕಡೆಯಿಂದ ಬಿರಿಯಾನಿ ಬಂದು ಮರುದಿನ ಏನೂ ಇಲ್ಲದಿರುವುದಕ್ಕಿಂತ, ಮಾತಾಡಿಕೊಂಡು ದಿನ ಹಂಚಿಕೊಳ್ಳಿ. ಮಳೆಗಾಲಕ್ಕೆ ಟರ್ಪಾಲು, ಒಣ ಟವೆಲು, ಕಾಲಿಗೆ ಚಪ್ಪಲಿ ಕೊಡಿ. ಕೊಡುವಾಗ ಹೆಸರು ಕೇಳಿ, ನಿಮ್ಮ ಹೆಸರು ಹೇಳಿ.

ಈ ಸಲ ನಿಮ್ಮ ವಾರ್ಡಿನ ಸಭೆ ಸೇರಿದಾಗ ದೀಪ, ಚರಂಡಿಯ ಜೊತೆ ಈ ಎರಡನ್ನೂ ಬರೆಸಿ. ಜೂನ್ ಒಂದರ ಮೊದಲು ಪೇಟೆಯ ನಡುವೆ ಒಂದು ಆಶ್ರಯ ಕೇಂದ್ರ, ಹೆಂಗಸರಿಗೆ ಬೇರೆಯೇ. ವೆನ್ಲಾಕ್ ಹತ್ತಿರ, ಗಾಯ ಮಾಗುವ ತನಕ ಮಲಗಲು ಹಾಸಿಗೆಗಳು. ಬರೆಸಿದ ಮೇಲೆ ನಡಾವಳಿಯ ಪ್ರತಿ ಕೇಳಿ ಪಡೆಯಿರಿ, ಮುಂದಿನ ಸಭೆಗೆ ಅದನ್ನು ಹಿಡಿದುಕೊಂಡೇ ಹೋಗಿ. ಸಾಧ್ಯವಾದರೆ ಜಗಲಿಯಲ್ಲಿ ಮಲಗುವವರಲ್ಲಿ ಒಬ್ಬರನ್ನು ನಿಮ್ಮ ಜೊತೆ ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿ.

ನಮಸ್ಕಾರ.