ಮೊದಲು ಮಲಗಿ, ಆಮೇಲೆ ಮೇಜು ಹುಡುಕಿ

ಕೇಳುಗರಿಗೆಲ್ಲ ನಮಸ್ಕಾರ.

ಮಲಗುವ ಕೋಣೆಯ ಅಲಂಕಾರದ ಬಗ್ಗೆ ಹತ್ತು ನಿಮಿಷ ಮಾತಾಡಿ ಅಂತ ರೇಡಿಯೋದವರು ಕರೆದಿದ್ದಾರೆ. ಪರದೆ, ಗೋಡೆ ಬಣ್ಣ, ದೀಪ ಎಲ್ಲ ಸೇರಿಸಿಕೊಳ್ಳಿ ಅಂದರು. ನಾನು ಸೇರಿಸಿಕೊಳ್ಳುವುದಿಲ್ಲ. ಮಂಚದ ಪಕ್ಕ ಇಡುವ ಮೇಜು, ನಮ್ಮ ಬಡಗಿಗಳು ಸೈಡ್ ಟೇಬಲ್ ಅನ್ನುತ್ತಾರಲ್ಲ, ಅದೊಂದರ ಬಗ್ಗೆ ಮಾತ್ರ ಹೇಳುತ್ತೇನೆ. ಶಿವಮೊಗ್ಗದಲ್ಲಿ 22 ವರ್ಷದಿಂದ ಮನೆಗಳ ಒಳಗಿನ ಮರಗೆಲಸ ಮಾಡಿಸುತ್ತಿದ್ದೇನೆ. ಷೋಕೇಸಿಗೆ ಆರು ತಿಂಗಳು ತಲೆ ಕೆಡಿಸಿಕೊಂಡವರು ಈ ಮೇಜಿಗೆ ಆರು ನಿಮಿಷ ಕೊಡುವುದಿಲ್ಲ.

ನೀವು ಅಡಿಕೆ ಸುಲಿಯುತ್ತಲೋ, ನಾಳೆಯ ದೋಸೆಗೆ ಅಕ್ಕಿ ತೊಳೆಯುತ್ತಲೋ ಕೇಳುತ್ತಿರಬಹುದು. ಕೈಕೆಲಸ ನಿಲ್ಲಿಸಬೇಡಿ. ನೆನಪಿಟ್ಟುಕೊಳ್ಳಬೇಕಾದ್ದು ಒಂದೇ ಮಾತು. ಮಂಚದ ಮೇಲೆ ಮಲಗಿ. ಕಣ್ಣು ಮುಚ್ಚಿ. ಕೈ ಚಾಚಿ. ಕೈ ಎಲ್ಲಿ ಬೀಳುತ್ತದೋ ಅಲ್ಲಿ ಮೇಜು ಸಿಗಬೇಕು. ಹಾಸಿಗೆಯ ಮಟ್ಟಕ್ಕೆ ಸಮ. ಒಂದೆರಡು ಇಂಚು ಹೆಚ್ಚುಕಡಿಮೆ ಆದರೆ ಪರವಾಗಿಲ್ಲ. ಆ ಎತ್ತರಕ್ಕೆ ಬರುವುದು ಡಬ್ಬವೋ, ದಿಮ್ಮಿಯೋ, ಏನೇ ಇರಲಿ, ಅದು ಸೈಡ್ ಟೇಬಲ್. ಬರಲಿಲ್ಲವೋ, ಎಷ್ಟು ಸಾವಿರ ಕೊಟ್ಟರೂ ಅದು ಮಡಿಸದ ಬಟ್ಟೆ ಪೇರಿಸುವ ಜಾಗ.

ಮಂಚ ಕೊಂಡರೆ ಜೊತೆಗೆ ಎರಡು ಪೆಟ್ಟಿಗೆ ಕೊಡುತ್ತಾರಲ್ಲ, ಅವನ್ನು ಕಂಡರೆ ನನಗೆ ಆಗುವುದಿಲ್ಲ. ಜಾಸ್ತಿ ಪಾಲು ಪಾರ್ಟಿಕಲ್ ಬೋರ್ಡು. ಮರದ ಪುಡಿಗೆ ಅಂಟು ಹಾಕಿ ಒತ್ತಿದ ಹಲಗೆ. ಒಣ ಊರಲ್ಲಿ ಬಾಳೀತು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿನ ಮೇಲೆ ಮಳೆ ಸುರಿಯುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆ ಆಷಾಢದಲ್ಲಿ ಒಗೆದ ಬಟ್ಟೆಯನ್ನು ಒಲೆಯ ಮೇಲೆ ಒಣಗಿಸಬೇಕು. ಅಲ್ಲಿ ಈ ಹಲಗೆಯ ಅಂಚು ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಉಬ್ಬುತ್ತದೆ. ಇನ್ನೊಂದು ತಮಾಷೆ. ನಾಲ್ಕು ಇಂಚಿನ ಹಾಸಿಗೆ ತೆಗೆದು ಎಂಟು ಇಂಚಿನದು ಹಾಕಿಸುತ್ತೀರಿ. ಮೇಜು ಇದ್ದಲ್ಲೇ ಇರುತ್ತದೆ. ಕೈಗೆ ಎಲ್ಲಿ ಸಿಗಬೇಕು?

ಈಗ ನನ್ನದೇ ಕತೆ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಸಾಗರದ ಹತ್ತಿರ ನಮ್ಮ ಹಳೇ ಮನೆ ಬಿಚ್ಚುವಾಗ ಕೊಟ್ಟಿಗೆ ಪಕ್ಕ ಒಂದು ಒರಳುಕಲ್ಲು ಬಿದ್ದಿತ್ತು. ನಮ್ಮಜ್ಜಿ ರುಬ್ಬುತ್ತಿದ್ದದ್ದು. ನೋಡಿದ ಕೂಡಲೇ ನನ್ನ ತಲೆಯಲ್ಲಿ ದೀಪ ಹೊತ್ತಿತು. ಇದರ ಮೇಲೊಂದು ದುಂಡು ಗಾಜು ಇಟ್ಟರೆ ಎಂಥಾ ಸೈಡ್ ಟೇಬಲ್! ನಾಲ್ಕು ಜನ ಎತ್ತಿ ಗೂಡ್ಸ್ ಆಟೋಕ್ಕೆ ಹಾಕಿದರು. ಮಹಡಿ ಹತ್ತಿಸುವಾಗ ಒಬ್ಬನ ಸೊಂಟ ಹಿಡಿದುಕೊಂಡಿತು. ಮನೆಯವಳು ಬಾಗಿಲಲ್ಲೇ ನಿಂತು, "ರಾತ್ರಿ ಹಸಿವಾದರೆ ಚಟ್ನಿ ರುಬ್ಬಿಕೊಳ್ಳಬಹುದು ಬಿಡಿ" ಅಂದಳು. ನಾನು ಕೇಳಿಸದವನ ಹಾಗೆ ಗಾಜು ಒರೆಸಿದೆ.

ಬಂದವರೆಲ್ಲ ಫೋಟೋ ತೆಗೆದುಕೊಂಡು ಹೋದರು. ಇಬ್ಬರು ತಮಗೂ ಬೇಕು ಅಂದರು. ನಾನೂ ಉಬ್ಬಿದೆ, ಆ ಹಲಗೆಯ ಹಾಗೇ.

ಮಳೆ ಹಿಡಿಯಿತು. ಕಲ್ಲು ತಣ್ಣಗಿರುತ್ತದೆ, ಗಾಳಿಯಲ್ಲಿ ತೇವ ತುಂಬಿರುತ್ತದೆ. ಕಲ್ಲು ಬೆವರತೊಡಗಿತು. ಕೆಳಗೆ ಹಾಸಿದ್ದ ಚಾಪೆಗೆ ಬೂಷ್ಟು ಬಂತು. ಅದನ್ನೂ ಸಹಿಸಿಕೊಂಡೆ. ಒಂದು ರಾತ್ರಿ ಕರೆಂಟು ಹೋಯಿತು. ಟಾರ್ಚಿಗೆ ಕೈ ಚಾಚಿದೆ. ನಮ್ಮ ಹಾಸಿಗೆ ನೆಲದಿಂದ 24 ಇಂಚು. ಒರಳು 15. ಕೈ ಗಾಳಿಯಲ್ಲಿ ತಡಕಾಡಿತು. ಇನ್ನಷ್ಟು ಬಗ್ಗಿದೆ. ಮೊಣಕೈ ಗಾಜಿನ ಅಂಚಿಗೆ ಬಡಿಯಿತು. ಗಾಜು, ನೀರಿನ ಚೊಂಬು, ಕನ್ನಡಕ, ಟಾರ್ಚು, ಎಲ್ಲ ಒಟ್ಟಿಗೇ ಕೆಳಗೆ. "ಕಾಲು ಇಳಿಸಬೇಡಿ" ಅಂತ ಅವಳು ಕೂಗಿದಳು. ಗಾಜಿನ ಚೂರಿನ ನಡುವೆ ಮಂಚದ ಮೇಲೆ ಇಬ್ಬರೂ ಕುಳಿತೇ ಇದ್ದೆವು, ನೆರೆಯಲ್ಲಿ ಸಿಕ್ಕಿಕೊಂಡವರ ಹಾಗೆ. ಆ ಹೊತ್ತಿಗೆ ಹೊಸನಗರದಿಂದ ನಮ್ಮ ಅತ್ತೆ ಬಂದಿದ್ದರು. ಸದ್ದಿಗೆ ಎದ್ದು ಬಂದು, ತಮ್ಮ ದಿಂಬಿನ ಕೆಳಗಿನ ಟಾರ್ಚು ಹಾಕಿ, ಏನೂ ಹೇಳದೆ ಪೊರಕೆ ತಂದರು.

ಬೆಳಗ್ಗೆ ನೋಡಿದರೆ ಅವರ ತವರಿನ ತಗಡಿನ ಟ್ರಂಕು ನಮ್ಮ ಮಂಚದ ಪಕ್ಕಕ್ಕೆ ಬಂದಿದೆ. ಮದುವೆಯಲ್ಲಿ ಮಗಳಿಗೆ ಕೊಟ್ಟದ್ದು, ಅಟ್ಟದಲ್ಲಿತ್ತು. ಅತ್ತೆ ಮಂಚದ ಮೇಲೆ ಮಲಗಿದರು, ಕಣ್ಣು ಮುಚ್ಚಿದರು, ಕೈ ಚಾಚಿದರು. "ಅಳಿಯಂದಿರೇ, ಹಿತ್ತಲಿಂದ ಇಟ್ಟಿಗೆ ತನ್ನಿ" ಅಂದರು. ತಂದೆ. ಟ್ರಂಕಿನ ನಾಲ್ಕು ಮೂಲೆಗೂ ಇಟ್ಟರು. ಮತ್ತೆ ಮಲಗಿ ಕೈ ಚಾಚಿದರು. "ಇನ್ನೊಂದು ಸಾಲು." ಮೂರನೇ ಸಲಕ್ಕೆ ಅಂಗೈ ಟ್ರಂಕಿನ ಮೇಲೆ ಸಪಾಟಾಗಿ ಕೂತಿತು. ನಾನು 22 ವರ್ಷದಲ್ಲಿ ಕಲಿಯದ್ದನ್ನು ಅವರು ಕಾಲು ಗಂಟೆಯಲ್ಲಿ ಮುಗಿಸಿ, ಕಾಫಿ ಕುಡಿಯಲು ಹೋದರು. ಆಮೇಲೆ ನಾನು ಇಟ್ಟಿಗೆ ತೆಗೆದು ಹಲಸಿನ ಮರದ ಕಾಲು ಕೊಡಿಸಿದೆ. ತಗಡಿನ ಆ ಹಳೇ ಹಸಿರು ಬಣ್ಣವನ್ನು ಮುಟ್ಟಲಿಲ್ಲ. ಈಗ ಬಂದವರು ಅದರ ಫೋಟೋ ತೆಗೆಯುತ್ತಾರೆ. ಒಳಗೆ ನಾಲ್ಕು ಕಂಬಳಿ ಹಿಡಿಯುತ್ತದೆ, ಅದು ಬೇರೆ.

ಗಾಜಿನಾಚೆ ಕೂತವರು ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಬೇಗ ಹೇಳುತ್ತೇನೆ.

ಹಳೇ ಹೊಲಿಗೆ ಮೆಷಿನ್ನಿನ ಕಾಲು ಎಲ್ಲರಿಗೂ ಇಷ್ಟ. ಬೇಡ. ಸುಮಾರು 30 ಇಂಚು ಬರುತ್ತದೆ. ಮಲಗಿ ಕೈ ಚಾಚಿದರೆ ಬೆರಳು ಅದರ ಕಬ್ಬಿಣದ ಹೂವಿನೊಳಗೆ ಸಿಕ್ಕಿಕೊಳ್ಳುತ್ತದೆ. ಗಿಡ್ಡ ಮಾಡೋಣ ಅಂದರೆ ಅದು ಬೀಡು ಕಬ್ಬಿಣ, ವೆಲ್ಡಿಂಗಿಗೆ ಸುಲಭಕ್ಕೆ ಒಗ್ಗುವುದಿಲ್ಲ. ಸೊಸೈಟಿಗೆ ಹಾಲು ಹಾಕುವ 40 ಲೀಟರಿನ ಕ್ಯಾನು, ಹಳೆಯದು, ಸಿಕ್ಕರೆ ಬಿಡಬೇಡಿ. ಮಂಚದ ಎತ್ತರಕ್ಕೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಮೇಲೊಂದು ದುಂಡು ಹಲಗೆ ಸಾಕು, ತೇವಕ್ಕೂ ಹೆದರುವುದಿಲ್ಲ. ಅಡಿಕೆ ಮರ ಸೀಳಿದ ದಬ್ಬೆಯಲ್ಲೂ ಚಂದದ ಮೇಜು ಮಾಡಬಹುದು. ಆದರೆ ಬಲಿತ ಮರದ್ದೇ ಆಗಬೇಕು, ಚೆನ್ನಾಗಿ ಒಣಗಿರಬೇಕು. ಎಳೆಯದಾದರೆ ಕುಟ್ಟೆ ಹುಳ ಹಿಡಿದು ದಿನಾ ಬೆಳಗ್ಗೆ ಮೇಜಿನ ಕೆಳಗೆ ಹಿಟ್ಟು ಗುಡಿಸಬೇಕಾಗುತ್ತದೆ. ಸಾಗರ, ಸೊರಬದ ಕಡೆಯವರು ಒಂದು ಸಾದಾ ಸ್ಟೂಲಿಗೆ ಕೆಮ್ಮಣ್ಣಿನ ಬಣ್ಣ ಬಳಿಸಿ, ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವ ಹೆಂಗಸರ ಕೈಲಿ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಎಳೆ ಬರೆಸಿಕೊಳ್ಳಿ. ಕೂಲಿ ಸರಿಯಾಗಿ ಕೊಡಿ, ಚೌಕಾಸಿ ಬೇಡ.

ಮಣ್ಣಿನ ಗೋಡೆಯ ಮನೆ ಇರುವವರಿಗೆ ಮೇಜೇ ಬೇಡ. ಚಿಮಣಿ ದೀಪ ಇಡುತ್ತಿದ್ದ ಗೂಡು ಇದೆಯಲ್ಲ ಗೋಡೆಯಲ್ಲಿ? ಅದನ್ನು ಸಿಮೆಂಟ್ ಹಾಕಿ ಮುಚ್ಚಬೇಡಿ ಅಂತ ಕೈ ಮುಗಿದು ಕೇಳುತ್ತೇನೆ. ಮಂಚವನ್ನೇ ಅದರ ಹತ್ತಿರಕ್ಕೆ ಎಳೆಯಿರಿ. ಮಲಗಿ ಕೈ ಚಾಚಿ ನೋಡಿ.

ಆಯ್ತು, ಆಯ್ತು, ಮುಗಿಸಿದೆ. ಆ ಒರಳುಕಲ್ಲು ಈಗ ನಮ್ಮ ಹಿತ್ತಲಲ್ಲಿದೆ. ಮಳೆನೀರು ತುಂಬಿಕೊಂಡು ಹಕ್ಕಿಗಳಿಗೆ ಅನುಕೂಲ ಆಗಿದೆ. ಯಾರಿಗಾದರೂ ಬೇಕಿದ್ದರೆ ಸುಮ್ನೆ ಕೊಡುತ್ತೇನೆ. ಎತ್ತಲು ನಾಲ್ಕು ಜನರನ್ನು ಮಾತ್ರ ನೀವೇ ಕರೆದುಕೊಂಡು ಬನ್ನಿ. ನಮಸ್ಕಾರ.